ಹೊಗೆಬಂಡಿ ನೋಡಲು ಹೋದ ಹದಿನಾಲ್ಕು ಮಕ್ಕಳು



ಮೊನ್ನೆ ಆರನೇ ತರಗತಿಯಲ್ಲಿ ಸಾರಿಗೆ ಪಾಠ ನಡೆಯುತ್ತಿತ್ತು. ಮಕ್ಕಳು ಆಕಳಿಸುತ್ತಿದ್ದುದನ್ನು ಕಂಡು ಪುಸ್ತಕ ಮಡಚಿಟ್ಟು ಒಂದು ಕಥೆ ಹೇಳಿದೆವು. ಅಮೆರಿಕ ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬಿದಾಗ ಅಲ್ಲಿನವರು ಒಂದು ರೈಲನ್ನೇ ಮ್ಯೂಸಿಯಂ ಮಾಡಿ ಊರೂರಿಗೆ ಕಳಿಸಿದರು. 'ಫ್ರೀಡಂ ಟ್ರೈನ್' ಎಂದು ಅದರ ಹೆಸರು. 1975ರ ಏಪ್ರಿಲ್‌ನಲ್ಲಿ ಹೊರಟದ್ದು 1976ರ ಡಿಸೆಂಬರ್ ಕೊನೆಯವರೆಗೂ ತಿರುಗಿತು. 48 ರಾಜ್ಯ, 70 ಲಕ್ಷಕ್ಕೂ ಹೆಚ್ಚು ಜನ. ಡೀಸೆಲ್ ಇಂಜಿನ್ನುಗಳ ಕಾಲ ಬಂದು ಎಷ್ಟೋ ವರ್ಷ ಆಗಿದ್ದರೂ, ನೆನಪಿನ ರೈಲು ಅಂತ ಹಳೆಯ ಉಗಿ ಇಂಜಿನ್ನುಗಳನ್ನು ರಿಪೇರಿ ಮಾಡಿಸಿ ಅದಕ್ಕೆ ಕಟ್ಟಿದರು. ನಮ್ಮ ದೇಶದಲ್ಲೂ 2007ರಲ್ಲಿ 'ಸೈನ್ಸ್ ಎಕ್ಸ್‌ಪ್ರೆಸ್' ಎಂಬ ವಿಜ್ಞಾನ ಪ್ರದರ್ಶನದ ರೈಲು ಹೊರಟು ಎಷ್ಟೋ ವರ್ಷ ಊರೂರು ಸುತ್ತಿತು.

ಕಥೆ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಆ ತರದ ರೈಲು ಮಸಿನಗುಡಿಗೆ ಬಂದಿತ್ತಾ ಸಾ?"

ನಮ್ಮ ಹುಟ್ಟೂರು ಮಸಿನಗುಡಿ ಎಂದು ಮಕ್ಕಳಿಗೆ ಗೊತ್ತು. ಇಲ್ಲ ಕಣಪ್ಪ, ಬಂದಿರಲಿಲ್ಲ, ಬರೋಕೂ ಆಗಲ್ಲ ಎಂದೆವು. ಯಾಕೆ ಎಂದ. ಆ 'ಯಾಕೆ'ಗೆ ಉತ್ತರ ಹೇಳಲು ಹೋಗಿ ನಮ್ಮ ಬಾಲ್ಯದ ಒಂದು ದಿನ ಪೂರಾ ನೆನಪಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನೀಲಗಿರಿಗೆ ಸುತ್ತಾಡುವ ರೈಲು ಯಾವುದೂ ಬರಲಾರದು. ದೊಡ್ಡ ಹಳಿ, ಅಂದರೆ ಬ್ರಾಡ್‌ಗೇಜ್, ಬೆಟ್ಟದ ಬುಡದ ಮೆಟ್ಟುಪಾಳಯಂನಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಇರುವುದು ಮೀಟರ್‌ಗೇಜು. ಅದರಲ್ಲೂ ಕಲ್ಲಾರಿನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ. ಹೊರಗಿನ ರೈಲು ಅಲ್ಲಿ ಒಂದು ಮಾರೂ ಹತ್ತಲಾರದು, ಒಳಗಿನ ರೈಲು ಆ ಬೆಟ್ಟ ಬಿಟ್ಟು ಎಲ್ಲಿಗೂ ಹೋಗಲಾರದು. ಅದು ಊಟಿ, ಕೂನೂರಿನ ಕಡೆಯ ಮಾತಾಯಿತು. ಬೆಟ್ಟದ ಈ ಮಗ್ಗುಲಿನ ಗೂಡಲೂರು, ಮಸಿನಗುಡಿಯ ಕಡೆಗಂತೂ ಹಳಿಯೇ ಇಲ್ಲ. ಅಮೆರಿಕದಲ್ಲಿ ರೈಲೇ ಮಕ್ಕಳನ್ನು ಹುಡುಕಿಕೊಂಡು ಹೋಯಿತು. ನಮ್ಮಲ್ಲಿ ಮಕ್ಕಳೇ ರೈಲನ್ನು ಹುಡುಕಿಕೊಂಡು ಹೋಗಬೇಕು.

ಹಾಗೆ ಒಮ್ಮೆ ನಾವು ಹೋಗಿದ್ದೆವು. 1992ರಲ್ಲಿ. ಹದಿನಾಲ್ಕು ಮಕ್ಕಳು, ಒಬ್ಬರು ಮೇಷ್ಟ್ರು.

ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿ ಹತ್ತಿದರೆ ಊಟಿ ಸುಮಾರು 30 ಕಿ.ಮೀ. ಮೂವತ್ತಾರು ಹೇರ್‌ಪಿನ್ ತಿರುವು. ಹತ್ತಿರವೇ, ಆದರೂ ನಮ್ಮೂರಿನ ಅರ್ಧ ಜನ ಊಟಿ ರೈಲನ್ನು ಕಣ್ಣಾರೆ ಕಂಡವರಲ್ಲ. ಊಟಿಗೆ ಹೋಗುತ್ತಿದ್ದುದು ದೊಡ್ಡಾಸ್ಪತ್ರೆಗೆ, ಕಲೆಕ್ಟರ್ ಆಫೀಸಿಗೆ, ಕ್ಯಾರೆಟ್ಟು ಆಲೂಗಡ್ಡೆ ಮಂಡಿಗೆ. ಕೆಲಸ ಮುಗಿಸಿ ಬಸ್ಸು ಹಿಡಿದು ಕತ್ತಲಾಗುವ ಮೊದಲು ಇಳಿದುಬಿಡಬೇಕು. ರಸ್ತೆಯಲ್ಲಿ ಆನೆ ಇರುತ್ತದೆ. ರೈಲು ನೋಡಿಕೊಂಡು ನಿಲ್ಲಲು ಯಾರಿಗೆ ಪುರುಸೊತ್ತು?

ನಮಗೆ ಗೊತ್ತಿದ್ದ ಒಂದೇ ರೈಲೆಂದರೆ ಸಿಂಗಾರದ ವಿಂಚು. ಪೈಕಾರದ ನೀರನ್ನು ಬೆಟ್ಟದ ಮೇಲಿನಿಂದ ಕೊಳವೆಯಲ್ಲಿ ಇಳಿಸಿ ಸಿಂಗಾರದಲ್ಲಿ ಕರೆಂಟು ತೆಗೆಯುತ್ತಾರಲ್ಲ, 1932ರಲ್ಲಿ ಶುರುವಾದ ಪವರ್‌ಹೌಸು, ಅಲ್ಲಿನ ಕೆಲಸಗಾರರು ಗ್ಲೆನ್‌ಮಾರ್ಗನ್ನಿಗೆ ಹತ್ತಿ ಇಳಿಯಲು ಹಳಿಯ ಮೇಲೆ ಓಡುವ ಒಂದು ಗಾಡಿ. ಮೇಲಿನಿಂದ ಕಬ್ಬಿಣದ ಹಗ್ಗ ಎಳೆಯುತ್ತದೆ. ದೂರದಿಂದ ನೋಡಿದರೆ ಬೆಟ್ಟದ ಮೈಮೇಲೆ ಇರುವೆ ಹರಿದಂತೆ ಕಾಣುವುದು. ಇಂಜಿನ್ನಿಲ್ಲ, ಹೊಗೆಯಿಲ್ಲ, ಕೂಗಿಲ್ಲ. ಅದನ್ನೇ ನಾವು ರೈಲು ಎಂದುಕೊಂಡಿದ್ದೆವು.

ಇನ್ನೊಂದು ರೈಲನ್ನು ಕಂಡವರು ನಮ್ಮಲ್ಲಿ ಇಬ್ಬರೋ ಮೂವರೋ. ಚಾಮರಾಜನಗರ, ನಂಜನಗೂಡಿನ ಕಡೆ ಅಜ್ಜಿ ಮನೆಯಿದ್ದವರು. ನಾವೂ ಅವರಲ್ಲೊಬ್ಬರು. ಮೈಸೂರು–ಚಾಮರಾಜನಗರದ ಮೀಟರ್‌ಗೇಜ್ ಹಳಿಯ ಮೇಲೆ ಕರಿಯ ಇಂಜಿನ್ನು ಹೊಗೆ ಬಿಟ್ಟುಕೊಂಡು ಹೋಗುವುದನ್ನು ಅಜ್ಜನ ಹೆಗಲ ಮೇಲೆ ಕೂತು ನೋಡಿದ ಮಸುಕು ನೆನಪು. ಶಾಲೆಯಲ್ಲಿ ಅದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನಮಗೂ ಒಮ್ಮೊಮ್ಮೆ ಅನುಮಾನವೇ.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಬೇಕು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅದೇ 1891ರಲ್ಲಿ ಬೆಟ್ಟದ ಆ ಬದಿ ನೀಲಗಿರಿ ರೈಲಿನ ಕೆಲಸವೂ ಆರಂಭವಾಯಿತು. ಎರಡೂ ಕಡೆ ಒಂದೇ ವರ್ಷ! ಈ ಬದಿಯ ಹಳಿ 1926ರಲ್ಲಿ ಚಾಮರಾಜನಗರ ತಲುಪಿ ಅಲ್ಲೇ ನಿಂತಿತು. ಅಲ್ಲಿಂದ ಸತ್ಯಮಂಗಲದ ಮೇಲೆ ಮೆಟ್ಟುಪಾಳಯಂಗೆ ಜೋಡಿಸುವ ಮಾತು ನಮ್ಮ ಅಜ್ಜಂದಿರ ಕಾಲದಿಂದ ಕೇಳುತ್ತಿದ್ದೇವೆ. ಸರ್ವೆ ಮಾಡಿದರು, ಚುನಾವಣೆ ಬಂದಾಗ ಮಾತಾಡಿದರು. ನಡುವೆ ಇರುವುದು ಸತ್ಯಮಂಗಲದ ಕಾಡು, ಆನೆ ದಾರಿ, ಹುಲಿ ಇರುವ ಜಾಗ. ಹಳಿ ಬರಲಿಲ್ಲ. ಬಾರದಿದ್ದುದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಆದರೆ ಹುಡುಗರಾಗಿದ್ದಾಗ ಹಾಗೆ ಅನ್ನಿಸುತ್ತಿರಲಿಲ್ಲ.

ಆ ಬದಿಯ ಕಥೆ ಇನ್ನೂ ಹಳೆಯದು. ಬೆಟ್ಟದ ಮೇಲೆ ರೈಲು ತರಬೇಕೆಂಬ ಮಾತು ಮೊದಲು ಎದ್ದದ್ದು 1854ರಲ್ಲಿ. ಬೊಂಬಾಯಿ–ಠಾಣೆ ನಡುವೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿ ಆಗ ಒಂದೇ ವರ್ಷ ಆಗಿತ್ತು! ಬೇಸಿಗೆ ಬಂದರೆ ಮದರಾಸಿನ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಊಟಿಗೆ ಬರುತ್ತಿತ್ತು. ಅವರಿಗೆ ದಾರಿ ಬೇಕಿತ್ತು. ಆದರೆ ಬೆಟ್ಟ ಬಹಳ ಕಡಿದು. ಸ್ವಿಟ್ಜರ್ಲೆಂಡಿನ ರಿಗೆನ್‌ಬಾಕ್ ಎಂಬ ಇಂಜಿನಿಯರ್ 1880ರ ದಶಕದಲ್ಲಿ ಬಂದು ಯೋಜನೆ ಹಾಕಿದ. ಕೊನೆಗೆ ಅದೇ ದೇಶದ ರೋಮನ್ ಆಬ್ಟ್ ಎಂಬವನ ಹಲ್ಲುಪಟ್ಟಿ ವಿಧಾನವನ್ನು ಆರಿಸಿಕೊಂಡರು. 1899ರ ಜೂನ್ 15ರಂದು ರೈಲು ಕೂನೂರು ಮುಟ್ಟಿತು. ಊಟಿ ಮುಟ್ಟಲು ಮತ್ತೆ ಒಂಬತ್ತು ವರ್ಷ ಹಿಡಿದು 1908ರ ಅಕ್ಟೋಬರ್ 15 ಆಯಿತು. ಒಟ್ಟು 46 ಕಿ.ಮೀ., 208 ತಿರುವು, 16 ಸುರಂಗ, 250 ಸೇತುವೆ. 326 ಮೀಟರ್ ಎತ್ತರದಿಂದ 2,203 ಮೀಟರ್ ಎತ್ತರಕ್ಕೆ. ಈ ಲೆಕ್ಕವೆಲ್ಲ ಬೋರ್ಡುಗಳಲ್ಲಿ ಇರುತ್ತದೆ. ಆಬ್ಟನ ಹೆಸರೂ ಇರುತ್ತದೆ. ಬಂಡೆ ಒಡೆದವರ, ಸುರಂಗ ಕೊರೆದವರ ಹೆಸರು ಮಾತ್ರ ನಾವು ಯಾವ ಬೋರ್ಡಿನಲ್ಲೂ ಕಾಣಲಿಲ್ಲ.

ಈಗ ಆ ದಿನಕ್ಕೆ ಬರೋಣ.

ನಮ್ಮ ಮೇಷ್ಟ್ರಿಗೆ ಒಂದು ಹುಚ್ಚು. ಕಣ್ಣಿಗೆ ಕಾಣದ್ದನ್ನು ಪಾಠ ಮಾಡಬಾರದು ಅನ್ನುತ್ತಿದ್ದರು. 'ಉಗಿಯ ಶಕ್ತಿ' ಎಂಬ ಪಾಠ ಬಂದಾಗ ಕೆಟಲ್ಲಿನ ಮುಚ್ಚಳ ಕುಣಿಯುವುದನ್ನು ತೋರಿಸಿದರು. ಆಮೇಲೆ "ಇದೇ ಉಗಿ ಮುನ್ನೂರು ಜನರನ್ನ ಬೆಟ್ಟ ಹತ್ತಿಸುತ್ತೆ, ಬನ್ನಿ ತೋರಿಸ್ತೀನಿ" ಎಂದರು. ಮನೆಯಿಂದ ಬಸ್ಸು ಮತ್ತು ರೈಲಿನ ಖರ್ಚು ತರಬೇಕಿತ್ತು. ಆಗಿನ ರೈಲು ಚಾರ್ಜು ಬಸ್ಸಿಗಿಂತ ಹೆಚ್ಚೇನಲ್ಲ. ಆದರೂ ಎಲ್ಲರಿಗೂ ಆಗಲಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿಗೆ ದುಡ್ಡಿನ ಜೊತೆ ಇನ್ನೊಂದು ಅಡ್ಡಿ. "ಹೆಣ್ ಹುಡ್ಗಿನ ಊಟಿಗೆ ಕಳಿಸೋಕಾದದಾ" ಎಂದು ಅವಳ ಅಪ್ಪ ತಲೆಯಾಡಿಸಿಬಿಟ್ಟರು. ಅವಳು ಅಳಲಿಲ್ಲ. ಹಿಂದಿನ ಸಂಜೆ ನಮ್ಮ ಮನೆ ಜಗುಲಿಗೆ ಬಂದು, "ನೋಡ್ಕಬಂದು ಪೂರಾ ಹೇಳ್ಬೇಕು, ಒಂದೂ ಬುಡಂಗಿಲ್ಲ" ಎಂದು ಹೇಳಿ ಹೋದಳು.

ಬೆಳಗಿನ ಬಸ್ಸು. ಇಪ್ಪತ್ತನೇ ತಿರುವು ದಾಟುವಷ್ಟರಲ್ಲಿ ಐದು ಜನ ವಾಂತಿ. ಊಟಿ ಸ್ಟೇಷನ್ನಿಗೆ ನಾವು ತಲುಪಿ ಸ್ವಲ್ಪ ಹೊತ್ತಿಗೆ, ಮಧ್ಯಾಹ್ನದ ಹೊತ್ತು, ರೈಲು ಬಂತು. ನೀಲಿ ಬೋಗಿಗಳು, ಚೆಂದವೇ ಇದ್ದವು. ಆದರೆ ಇಂಜಿನ್ನು? ಪೆಟ್ಟಿಗೆಯಂಥದ್ದು. ಹೊಗೆಗೂಡಿಲ್ಲ, ಉಗಿಯಿಲ್ಲ, ಲಾರಿಯ ಹಾಗೆ ಗುರ್ ಎನ್ನುತ್ತಿತ್ತು.

ಡೀಸೆಲ್ಲು!

ಕೂನೂರು–ಊಟಿ ನಡುವೆ ಆ ಹೊತ್ತಿಗಾಗಲೇ ಡೀಸೆಲ್ ಇಂಜಿನ್ನು ಓಡುತ್ತಿತ್ತು. ಅಲ್ಲಿ ಹಲ್ಲುಪಟ್ಟಿ ಇಲ್ಲ, ಏರು ಅಷ್ಟು ಕಡಿದಲ್ಲ. ಉಗಿ ಇಂಜಿನ್ನು ಮೆಟ್ಟುಪಾಳಯಂನಿಂದ ಕೂನೂರಿನವರೆಗೆ ಬಂದು ಅಲ್ಲೇ ಬಿಡುವುದು. ಮೇಷ್ಟ್ರು ಹಿಂದೆ ಎಂದೋ ನೋಡಿದ್ದರು. ಅವರಿಗೆ ಈ ಬದಲಾವಣೆ ಗೊತ್ತಿರಲಿಲ್ಲ. ಅವರ ಮುಖ ನಮ್ಮ ಮುಖಕ್ಕಿಂತ ಸಣ್ಣದಾಯಿತು. ನಮ್ಮಲ್ಲೊಬ್ಬ, "ಸಿಂಗಾರದ ವಿಂಚೇ ವಾಸಿ ಕನ" ಅಂದುಬಿಟ್ಟ. ಮೇಷ್ಟ್ರು ಸ್ಟೇಷನ್ನಿನವರ ಹತ್ತಿರ ಹೋಗಿ ಏನೋ ವಿಚಾರಿಸಿ ಬಂದರು. ಜೇಬು ತಡಕಿದರು. ಆಮೇಲೆ ಹದಿನೈದು ಟಿಕೆಟ್ಟು ತೆಗೆಸಿದರು, ಕೂನೂರಿಗೆ. ಅಲ್ಲಿಯವರೆಗೂ ಇದ್ದ ಏರ್ಪಾಡು ಲವ್‌ಡೇಲ್‌ವರೆಗೆ ಹೋಗಿ ವಾಪಸು ಬರುವುದು ಅಷ್ಟೇ. ಊಟಕ್ಕೆ ಇಟ್ಟಿದ್ದ ದುಡ್ಡು ಅಲ್ಲಿಗೆ ಖಾಲಿಯಾಯಿತೆಂದು ನಮಗೆ ಆಮೇಲೆ ಗೊತ್ತಾಯಿತು.

ಫರ್ನ್‌ಹಿಲ್, ಲವ್‌ಡೇಲ್, ಕೇತಿ, ಅರುವಂಕಾಡು, ವೆಲ್ಲಿಂಗ್ಟನ್. ಫರ್ನ್‌ಹಿಲ್ ಬಂದಾಗ ಮೇಷ್ಟ್ರು, ಇಲ್ಲಿ ನಮ್ಮ ಮೈಸೂರು ಮಹಾರಾಜರ ಬೇಸಿಗೆ ಅರಮನೆ ಇದೆ ಎಂದರು. ಎಲ್ಲರೂ ಆ ಕಡೆ ಕಿಟಕಿಗೆ ಬಿದ್ದೆವು, ಅರಮನೆ ಕಾಣಲಿಲ್ಲ, ಮರ ಕಂಡವು. ಸುರಂಗ ಬಂದಾಗ ಎಲ್ಲರೂ ಕೂಗಿದೆವು. ಕೇತಿ ಕಣಿವೆ ಕಂಡಾಗ ಯಾರೂ ಕೂಗಲಿಲ್ಲ. ಹಾಸಿಗೆ ಹಾಸಿದಂಥ ಹೊಲ, ಕೆಂಪು ಹೆಂಚಿನ ಬಡಗರ ಹಟ್ಟಿಗಳು. ಎದುರು ಕೂತಿದ್ದ ಒಬ್ಬ ಅಜ್ಜಿ ಬಡಗದಲ್ಲಿ ಏನೋ ಕೇಳಿದರು, ನಾವು ಕನ್ನಡದಲ್ಲಿ ಉತ್ತರ ಹೇಳಿದೆವು; ಅವರಿಗೂ ತಿಳಿಯಿತು, ನಮಗೂ ತಿಳಿಯಿತು. ಸೆರಗಿನಿಂದ ಕಡಲೆಕಾಯಿ ತೆಗೆದು ಎಲ್ಲರಿಗೂ ಹಂಚಿದರು. ಆ ದಿನ ನಮ್ಮ ಮಧ್ಯಾಹ್ನದ ಊಟ ಅದೇ.

ಕೂನೂರು ಸ್ಟೇಷನ್ನಿನಲ್ಲಿ ಇಳಿದಾಗ ಮೊದಲು ಬಂದದ್ದು ವಾಸನೆ. ಕಲ್ಲಿದ್ದಲು ಮತ್ತು ಬಿಸಿ ಎಣ್ಣೆ ಬೆರೆತ ವಾಸನೆ. ಆಮೇಲೆ ಉಸಿರು. ಸುಳ್ಳಲ್ಲ, ಅದು ಉಸಿರಾಡುತ್ತಿತ್ತು. ಹಳಿಯ ಆಚೆ ನಿಂತು ಬುಸ್... ಬುಸ್... ಎನ್ನುತ್ತಿತ್ತು. ನಾವು ಮಸಿನಗುಡಿಯ ಮಕ್ಕಳು, ತೆಪ್ಪಕಾಡಿನ ಸಾಕಾನೆಗಳನ್ನು ನೋಡಿ ಬೆಳೆದವರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಆನೆ ಕನೋ, ಆನೆ!"

ಮೇಷ್ಟ್ರು ಅಲ್ಲೇ ಪಾಠ ಶುರು ಮಾಡಿದರು. ಪ್ಲಾಟ್‌ಫಾರ್ಮಿನ ಕೆಳತುದಿಗೆ ಕರೆದುಕೊಂಡು ಹೋಗಿ ಹಳಿಗಳ ನಡುವಿನ ಹಲ್ಲುಪಟ್ಟಿ ತೋರಿಸಿದರು. ಒಂದಲ್ಲ, ಪಕ್ಕಪಕ್ಕದಲ್ಲಿ ಎರಡು ಪಟ್ಟಿ. ಒಂದರ ಹಲ್ಲು ಇರುವ ಕಡೆ ಇನ್ನೊಂದರ ಸಂದು. ಇಂಜಿನ್ನಿನ ಹೊಟ್ಟೆಯ ಕೆಳಗಿರುವ ಹಲ್ಲುಗಾಲಿ ಇದನ್ನು ಕಚ್ಚಿಕೊಂಡೇ ಉರುಳುತ್ತದೆ. ಎರಡು ಪಟ್ಟಿ ಇರುವುದರಿಂದ ಯಾವ ಗಳಿಗೆಯಲ್ಲೂ ಹಿಡಿತ ತಪ್ಪುವುದಿಲ್ಲ. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದು ಆ ಘಾಟಿ. ಬರೀ ನುಣ್ಣನೆಯ ಗಾಲಿ ಅಲ್ಲಿ ಜಾರಿಬಿಡುತ್ತದೆ. ಇಂಜಿನ್ನು ಯಾವಾಗಲೂ ಮೆಟ್ಟುಪಾಳಯಂ ಕಡೆಗೇ ಇರುತ್ತದೆ. ಹತ್ತುವಾಗ ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ತಡೆದುಕೊಳ್ಳುತ್ತದೆ. ಎತ್ತಿನ ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಎತ್ತು ನೊಗಕ್ಕೆ ಎದುರೊತ್ತಿ ಕಾಲೂರುವುದಿಲ್ಲವೇ, ಹಾಗೆ ಎಂದರು. ಅದು ಸಾಲದೆಂದು ಒಂದೊಂದು ಬೋಗಿಯಲ್ಲೂ ಬ್ರೇಕು ಹಾಕುವ ಒಬ್ಬೊಬ್ಬ ಮನುಷ್ಯ, ಕೈಯಲ್ಲಿ ಬಾವುಟ.

ಇಂಜಿನ್ನಿಗೆ ನಾಲ್ಕು ಸಿಲಿಂಡರು. ಎರಡು ಗಾಲಿಗಳನ್ನು ತಿರುಗಿಸುತ್ತವೆ. ಹಲ್ಲುಪಟ್ಟಿ ಬಂದಾಗ ಆ ಎರಡರಿಂದ ಹೊರಬಿದ್ದ ಉಗಿಯನ್ನು ಹಾಳು ಮಾಡದೆ ಇನ್ನೆರಡಕ್ಕೆ ಬಿಟ್ಟು ಹಲ್ಲುಗಾಲಿ ತಿರುಗಿಸುತ್ತಾರೆ. ಈ ಇಂಜಿನ್ನುಗಳೆಲ್ಲ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು. 1914ರಿಂದ ಆರಂಭವಾಗಿ ಕಡೆಯ ಕಂತು ಬಂದದ್ದು 1952ರಲ್ಲಿ. ಇದೆಲ್ಲ ವಿವರ ಆ ದಿನ ನಮಗೆ ತಿಳಿಯಿತೆಂದಲ್ಲ. ಬಹಳಷ್ಟನ್ನು ನಾವೇ ಮೇಷ್ಟ್ರಾದ ಮೇಲೆ ಓದಿ ತಿಳಿದುಕೊಂಡೆವು. ಆ ದಿನ ತಿಳಿದದ್ದು ಎತ್ತಿನ ಹೋಲಿಕೆ ಒಂದೇ.

ಇಂಜಿನ್ನಿನವರು ನೀರು ತುಂಬಿಸಿದರು. ಒಬ್ಬರು ಸಲಿಕೆಯಿಂದ ಕಲ್ಲಿದ್ದಲು ಎಸೆಯುವಾಗ ಒಲೆಯ ಬಾಗಿಲು ತೆರೆದು ಮುಖವೆಲ್ಲ ಕೆಂಪಾಯಿತು. ನಾವು ಬಾಯಿ ತೆರೆದು ನಿಂತದ್ದನ್ನು ಕಂಡು ಇಂಜಿನ್ನಿನ ಹಗ್ಗ ಎಳೆದು ಒಂದು ಕೂಗು ಹಾಕಿಸಿದರು. ಇಬ್ಬರು ಮಕ್ಕಳು ಓಡಿಯೇಬಿಟ್ಟರು. ಇಂಜಿನ್ನು ಬೋಗಿಗಳಿಗೆ ತಗುಲಿಕೊಂಡಿತು, ಹಸಿರು ಬಾವುಟ ಆಡಿತು, ಹೊಗೆಯೂ ಉಗಿಯೂ ಸೇರಿ ಪ್ಲಾಟ್‌ಫಾರ್ಮ್ ಮುಚ್ಚಿಹೋಯಿತು. ಹೊಗೆ ಕರಗುವಾಗ ಕೊನೆಯ ಬೋಗಿ ತಿರುವಿನಲ್ಲಿ ಮರೆಯಾಗುತ್ತಿತ್ತು.

ಮೇಷ್ಟ್ರು ಗಡಿಯಾರ ನೋಡಿಕೊಂಡದ್ದು ಆಗಲೇ.

ಕೂನೂರಿನಿಂದ ಬಸ್ಸು ಹಿಡಿದು ಊಟಿಗೆ ಬರುವಷ್ಟರಲ್ಲಿ ಮಸಿನಗುಡಿಯ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಊಟಿಯ ಚಳಿ, ಮೈಮೇಲೆ ಇದ್ದದ್ದು ಶಾಲೆಯ ಬಟ್ಟೆ. ಊರಲ್ಲಿ ಫೋನು ಇದ್ದದ್ದು ನಾಲ್ಕೈದು ಕಡೆ. ಮೇಷ್ಟ್ರು ಎರಡು ಕಡೆ ಪ್ರಯತ್ನಿಸಿದರೂ ಸಿಗಲಿಲ್ಲ. ಅವರ ಕೈಯಲ್ಲಿ ನಾಳೆಯ ಬಸ್ಸು ಚಾರ್ಜು ಬಿಟ್ಟರೆ ಏನೂ ಇಲ್ಲ. ಮಂಡಿಯಲ್ಲಿ ಗುಂಡ್ಲುಪೇಟೆ ಕಡೆಯವರೊಬ್ಬರು ಮೂಟೆ ಹೊರುವ ಕೆಲಸದಲ್ಲಿದ್ದರು. ಮೇಷ್ಟ್ರಿಗೆ ಮುಖಪರಿಚಯ ಅಷ್ಟೇ. ಅವರು ಒಂದು ಮಾತೂ ಕೇಳದೆ ಮಂಡಿಯ ಹಿಂದಿನ ಕೋಣೆ ತೆರೆದು, ಆಲೂಗಡ್ಡೆ ಮೂಟೆಗಳ ನಡುವೆ ಖಾಲಿ ಗೋಣಿ ಹಾಸಿ ನಮ್ಮನ್ನು ಮಲಗಿಸಿದರು. ಮೇಲೆ ಹೊದೆಯಲೂ ಗೋಣಿಯೇ. ಬನ್ನು, ಟೀ ತಂದುಕೊಟ್ಟರು. ಮೇಷ್ಟ್ರು ಮಾತ್ರ ಬಾಗಿಲ ಹತ್ತಿರ ಗೋಡೆಗೊರಗಿ ಕೂತೇ ಇದ್ದರು. ರಾತ್ರಿ ಎರಡು ಸಲ ಎಚ್ಚರವಾದಾಗಲೂ ನಾವು ನೋಡಿದ್ದು ಅದನ್ನೇ.

ಬೆಳಗಿನ ಮೊದಲ ಬಸ್ಸು ಮಸಿನಗುಡಿಗೆ ಇಳಿದಾಗ ಊರಿಗೆ ಊರೇ ನಿಂತಿತ್ತು. ರಾತ್ರಿಯೆಲ್ಲ ಕೆಲವರು ಪಂಜು ಹಿಡಿದು ಕಲ್ಹಟ್ಟಿ ರಸ್ತೆಯಲ್ಲಿ ಅರ್ಧ ದೂರ ಹೋಗಿ ಬಂದಿದ್ದರಂತೆ. ಬಸ್ಸು ಕೊರಕಲಿಗೆ ಬಿತ್ತು ಎಂದು ಒಬ್ಬರು, ಆನೆ ಅಟ್ಟಿಸಿಕೊಂಡು ಹೋಯಿತು ಎಂದು ಇನ್ನೊಬ್ಬರು. ಬೊಕ್ಕಾಪುರದ ಮಾರಿಯಮ್ಮನಿಗೆ ನಮ್ಮ ಅವ್ವ ಹರಕೆಯನ್ನೇ ಕಟ್ಟಿಬಿಟ್ಟಿದ್ದಳು. ಮಕ್ಕಳು ಇಳಿದ ಮೇಲೆ ಮೇಷ್ಟ್ರು ಕೊನೆಯಲ್ಲಿ ಇಳಿದು ಕೈಮುಗಿದು ನಿಂತರು. "ತಪ್ಪಾಯ್ತು" ಎಂದಷ್ಟೇ ಹೇಳಿದರು. ಬೈದವರು ಬೈದರು. ಒಬ್ಬರಂತೂ ಕೈ ಎತ್ತಿಕೊಂಡೇ ಬಂದರು, ಯಾರೋ ಹಿಡಿದುಕೊಂಡರು. ಡೀಸೆಲ್ ಇಂಜಿನ್ನಿನ ವಿಷಯ, ನಮಗಾದ ನಿರಾಸೆ, ಅದಕ್ಕಾಗಿಯೇ ಕೂನೂರಿಗೆ ಹೋದದ್ದು, ಊಟದ ದುಡ್ಡು ಟಿಕೆಟ್ಟಿಗೆ ಹಾಕಿದ್ದು, ಯಾವುದನ್ನೂ ಅವರು ಹೇಳಲಿಲ್ಲ. ನಾವಾದರೂ ಹೇಳಬಹುದಿತ್ತು. ಹದಿನಾಲ್ಕು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷದ ಹುಡುಗರು, ದೊಡ್ಡವರ ಸಿಟ್ಟಿನ ಮುಂದೆ ಏನು ಹೇಳಿಯಾರು ಎನ್ನಬಹುದು. ಆದರೂ ಅದು ನಮ್ಮ ಮನಸ್ಸಿನಲ್ಲಿ ಇದೆ.

ಅವರನ್ನು ಮೇಲಿನವರು ಲಿಖಿತ ವಿವರಣೆ ಕೇಳಿದರು ಎಂದು ಆಮೇಲೆ ತಿಳಿಯಿತು. ಮತ್ತೆಂದೂ ಅವರು ಮಕ್ಕಳನ್ನು ಹೊರಗೆ ಕರೆದೊಯ್ಯಲಿಲ್ಲ. ಎರಡು ವರ್ಷದಲ್ಲಿ ವರ್ಗವಾಗಿ ಹೋದರು.

ಆ ದಿನ ಸಂಜೆ ಪಕ್ಕದ ಮನೆಯ ಹುಡುಗಿ ಬಂದಳು. ಮಾತು ಕೊಟ್ಟಂತೆ ಪೂರಾ ಹೇಳಿದೆವು. ಆನೆಗಿಂತ ದೊಡ್ಡದು, ಎರಡು ಆನೆಯಷ್ಟು, ಇಲ್ಲ ಮೂರು ಆನೆಯಷ್ಟು... ಹೇಳುತ್ತ ಹೇಳುತ್ತ ಇಂಜಿನ್ನು ಬೆಳೆಯಿತು. ಸಾಕ್ಷಿಗೆಂದು ಹಳಿಯ ಪಕ್ಕ ಬಿದ್ದಿದ್ದ ಒಂದು ಕಲ್ಲಿದ್ದಲ ಚೂರನ್ನು ಚಡ್ಡಿ ಜೇಬಿನಲ್ಲಿ ತಂದಿದ್ದೆವು. ಅದನ್ನು ಅವಳಿಗೆ ಕೊಡಬೇಕೆಂದು ನೋಡಿದರೆ ಇಲ್ಲ! ಜೇಬು ಕರಿಯಾಗಿದ್ದುದನ್ನು ಕಂಡ ಅವ್ವ ಚಡ್ಡಿ ಒಗೆಯಲು ಹಾಕಿ ಕಲ್ಲಿದ್ದಲನ್ನು ಒಲೆಗೆ ಹಾಕಿಬಿಟ್ಟಿದ್ದಳು. "ಚೆನ್ನಾಗಿ ಉರೀತು" ಅಂದಳು.

ಮರುವರ್ಷ, 1993ರ ಏಪ್ರಿಲ್ 16ರಂದು, ಅಂಚೆ ಇಲಾಖೆ ಬೆಟ್ಟದ ರೈಲುಗಳ ಇಂಜಿನ್ನುಗಳ ಮೇಲೆ ನಾಲ್ಕು ಅಂಚೆಚೀಟಿ ತಂದಿತು. ಒಂದರಲ್ಲಿ ನಮ್ಮ ನೀಲಗಿರಿಯ ಇಂಜಿನ್ನು. ಮೇಷ್ಟ್ರು ಅದನ್ನು ಎಲ್ಲಿಂದಲೋ ಸಂಪಾದಿಸಿ ತಂದು ತರಗತಿಯಲ್ಲಿ ಎಲ್ಲರ ಕೈಗೂ ಕೊಟ್ಟು ವಾಪಸು ಪಡೆದರು. ಮಸಿನಗುಡಿಗೆ ಉಗಿ ರೈಲು ಬಂದದ್ದು ಹಾಗೆ, ಅಂಚೆಚೀಟಿಯ ಮೇಲೆ ಕೂತು. ಅದೇ ವರ್ಷ ನವೆಂಬರ್‌ನಲ್ಲಿ ಕೂನೂರು ಘಾಟಿಯ ಮರಪ್ಪಾಲಂ ಬಳಿ ಗುಡ್ಡ ಕುಸಿದು ಜನ ಸತ್ತರು. ನಾವು ನೋಡಿದ ಆ ತಿರುವಿನ ಆಚೆಯ ಊರುಗಳು ಅವು. ಬೆಟ್ಟದ ರೈಲು ಎಂದರೆ ಬರೀ ಚೆಂದದ ವಿಷಯವಲ್ಲ. ಮಳೆಗಾಲ ಬಂದರೆ ಮಣ್ಣು ಬಿದ್ದು ರೈಲು ನಿಲ್ಲುವುದು ಇಂದಿಗೂ ಇದೆ. 2009ರ ನವೆಂಬರ್‌ನಲ್ಲೂ ಹಾಗೇ ದೊಡ್ಡ ಅನಾಹುತವಾಯಿತು.

1999ರಲ್ಲಿ ಮೆಟ್ಟುಪಾಳಯಂ–ಕೂನೂರು ಹಳಿಗೆ ನೂರು ತುಂಬಿದಾಗ ನಾವು ಟಿಸಿಎಚ್ ಓದುತ್ತಿದ್ದೆವು. ಅಷ್ಟರಲ್ಲಿ ಅಜ್ಜನ ಹೆಗಲಿನಿಂದ ನೋಡಿದ ಕರಿಯ ಇಂಜಿನ್ನುಗಳ ಕಾಲ ಮುಗಿದುಹೋಗಿತ್ತು. ದೇಶದ ಬ್ರಾಡ್‌ಗೇಜಿನಲ್ಲಿ 1995ರ ಡಿಸೆಂಬರ್‌ಗೆ ಉಗಿ ನಿಂತಿತ್ತು. ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ಬಣ್ಣ ಹೊಡೆಸಿಕೊಂಡು ನಿಂತವನ್ನು ನೋಡಲು ಹೋದೆವು. ಅಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿಯೂ ಇದೆ. ಎಲ್ಲ ಚೆಂದ, ಎಲ್ಲ ತಣ್ಣಗೆ. ಉಸಿರಾಡುವುದು ಒಂದೂ ಇಲ್ಲ. 2005ರ ಜುಲೈನಲ್ಲಿ ಯುನೆಸ್ಕೋದವರು ನೀಲಗಿರಿ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಆರು ವರ್ಷ ಮೊದಲೇ ಸೇರಿದ್ದ ಡಾರ್ಜಿಲಿಂಗ್ ರೈಲಿನ ಜೊತೆಗೆ. ಹೆಮ್ಮೆಯಾಯಿತು. ಆದರೆ ಅಲ್ಲಿಂದಾಚೆಗೆ ಟಿಕೆಟ್ಟು ಸಿಗುವುದು ಕಷ್ಟವಾಯಿತು. ಈಗಂತೂ ಎಲ್ಲೆಲ್ಲಿಯವರೋ ಕಂಪ್ಯೂಟರಿನಲ್ಲಿ ವಾರಗಟ್ಟಲೆ ಮೊದಲೇ ಕಾದಿರಿಸಿಬಿಡುತ್ತಾರೆ. ಬರಲಿ, ಬೇಡ ಅನ್ನುವುದಿಲ್ಲ. ಅವರ ದುಡ್ಡಿನಿಂದಲೇ ರೈಲು ಉಳಿದಿದೆ. ಆದರೆ ಮೂವತ್ತು ಕಿಲೋಮೀಟರಿನ ಹತ್ತಿರ ಹುಟ್ಟಿದ ಮಕ್ಕಳು ಅದನ್ನು ಮೊಬೈಲಿನಲ್ಲಿ ಮಾತ್ರ ನೋಡುತ್ತಾರೆ. ಸ್ಥಳೀಯ ಶಾಲೆಗಳಿಗೆಂದು ವರ್ಷಕ್ಕೆ ನಾಲ್ಕು ದಿನ ಒಂದು ಬೋಗಿ ಬಿಟ್ಟುಕೊಟ್ಟರೆ ರೈಲ್ವೆಗೆ ಏನು ಕಮ್ಮಿಯಾದೀತು? ಕೇಳಬೇಕಾದವರು ನಾವೇ, ಶಾಲೆಯವರು.

2008ರ ಅಕ್ಟೋಬರ್‌ಗೆ ಊಟಿಗೆ ರೈಲು ಬಂದು ನೂರು ವರ್ಷ. ಆಗ ನಾವು ಗಡಿಯ ಒಂದು ಊರಿನಲ್ಲಿ ಕನ್ನಡ ಶಾಲೆಯ ಮೇಷ್ಟ್ರು. ಮಕ್ಕಳನ್ನು ಕರೆದೊಯ್ಯಬೇಕೆನಿಸಿತು, ಕೈ ನಡುಗಿತು. ಒಂದು ತಿಂಗಳು ತಯಾರಿ. ಪ್ರತಿ ಮನೆಯಿಂದ ಸಹಿ, ಗೊತ್ತುಮಾಡಿದ ವ್ಯಾನು, ಎರಡು ಮೊಬೈಲು, ಊಟದ ಬುತ್ತಿ, ಕಂಬಳಿ. ಜೊತೆಗೆ ಬರಲು ನಾಲ್ಕು ತಾಯಂದಿರನ್ನು ಕೇಳಿಕೊಂಡೆವು. ಅವರಲ್ಲಿ ಮೊದಲು ಕೈ ಎತ್ತಿದವಳು ಎರಡನೇ ತರಗತಿಯ ಹುಡುಗನೊಬ್ಬನ ತಾಯಿ. ಅದೇ ಪಕ್ಕದ ಮನೆಯ ಹುಡುಗಿ! ಆ ಊರಿಗೇ ಸೊಸೆಯಾಗಿ ಬಂದಿದ್ದಳು.

ಈ ಸಲ ಊಟಿಯಲ್ಲಿ ಕಾಯಲಿಲ್ಲ, ನೇರ ಕೂನೂರಿಗೇ ಹೋದೆವು. ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಕೆಳಗಿನ ತಿರುವಿನಿಂದ ಮೊದಲು ಕೂಗು, ಆಮೇಲೆ ಹೊಗೆ, ಆಮೇಲೆ ನೀಲಿ ಬೋಗಿಗಳು, ಎಲ್ಲಕ್ಕೂ ಹಿಂದೆ ಬೋಗಿಗಳನ್ನು ತಳ್ಳುತ್ತ ಇಂಜಿನ್ನು. ಆ ಹೊತ್ತಿಗೆ ಕೆಲವು ಇಂಜಿನ್ನುಗಳಿಗೆ ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಏರ್ಪಾಡು ಆಗಿತ್ತು. ಮುಂದೆ 2011ರಿಂದೀಚೆಗೆ ತಿರುಚ್ಚಿಯ ಪೊನ್ಮಲೈ ಕಾರ್ಖಾನೆಯಲ್ಲಿ ಹೊಸ ಉಗಿ ಇಂಜಿನ್ನುಗಳನ್ನೇ ಕಟ್ಟಿದರು. ಸ್ವಿಟ್ಜರ್ಲೆಂಡಿನವರು ಮಾಡಿದ್ದನ್ನು ನಮ್ಮವರು ಮಾಡಿದರು. ಅದು ಬೇರೆಯೇ ಬರೆಯಬೇಕಾದ ಕಥೆ.

ಮಕ್ಕಳು ಕುಣಿದರು. ನಾವು ಹಲ್ಲುಪಟ್ಟಿ ತೋರಿಸಿ ಎತ್ತಿನ ಹೋಲಿಕೆ ಹೇಳಿದೆವು. ಒಬ್ಬ ಹುಡುಗ ಎತ್ತಿನ ಗಾಡಿ ಅಂದರೆ ಏನು ಸಾ ಎಂದ! ಆಚೆ ನೋಡಿದರೆ ಆ ತಾಯಿ ಇಂಜಿನ್ನಿನ ಮುಂದೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅಳುತ್ತಿದ್ದಾಳೇನೋ ಎಂದು ಹತ್ತಿರ ಹೋದೆವು. ನಗುತ್ತಿದ್ದಳು.

"ಇದೇಯಾ ಮೇಷ್ಟ್ರೆ?" ಎಂದಳು. "ಮೂರಾನೆ ಅಷ್ಟ್ ಅದೆ ಅಂತ ಹೇಳಿದ್ರಿ. ಹದಿನಾರ್ ವರ್ಸ ನಂಬ್ಕಂಡಿದ್ನಲ್ಲ ನಾನು!"